ಕಂಡ ಕೂಲಿ, ಉಂಡ ಕೂಲಿ

ಬೆನ್ನಿಗೆ ಚೀಲ ಹೊತ್ತು, ಮೋಟಾರು ಸೈಕಲ್ಲಿನ ಮೇಲೆ ಮನೆ ಮನೆಗೆ ಊಟ, ದಿನಸಿ ಮುಟ್ಟಿಸುವ ಹುಡುಗರು ಈಗ ಬೆಂಗಳೂರಿನಲ್ಲಿ ಮಾತ್ರವಲ್ಲ, ಜಿಲ್ಲೆಯ ಊರುಗಳಲ್ಲೂ ಕಾಣುತ್ತಾರೆ. ಡೆಲಿವರಿ, ಟ್ಯಾಕ್ಸಿ ಮುಂತಾದ ಇಂಥ ಬಿಡಿ ದುಡಿಮೆಯಲ್ಲಿ ತೊಡಗಿರುವ ಗಿಗ್ ಕಾರ್ಮಿಕರು 2020-21ರಲ್ಲಿ ದೇಶದಲ್ಲಿ 77 ಲಕ್ಷ ಇದ್ದರೆಂದೂ, 2029-30ರ ವೇಳೆಗೆ 2.35 ಕೋಟಿ ಆಗುವರೆಂದೂ ನೀತಿ ಆಯೋಗವು 2022ರಲ್ಲಿ ಅಂದಾಜು ಮಾಡಿತು. ಇವರಿಗೆ ತಿಂಗಳಿಗೆ ಇಷ್ಟು ಸಾವಿರ ಸಿಗುತ್ತದೆಂದು ಕಂಪನಿಗಳು ಜಾಹೀರಾತು ಕೊಡುತ್ತವೆ. ಅದು ಮೊಬೈಲಿನ ಪರದೆಯ ಮೇಲೆ ಕಂಡ ಕೂಲಿ. ಮನೆಯವರು ಉಂಡ ಕೂಲಿ ಎಷ್ಟೆಂಬುದೇ ನಮ್ಮ ಪ್ರಶ್ನೆ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಒಬ್ಬನು ದಿನಕ್ಕೆ 11 ಗಂಟೆ ದುಡಿದು, 90 ಕಿಲೋಮೀಟರು ಓಡಿ, 900 ರೂಪಾಯಿ ಗಳಿಸಿದನೆನ್ನಿ. ಲೀಟರಿಗೆ 45 ಕಿಲೋಮೀಟರು ಓಡುವ ಗಾಡಿಗೆ 2 ಲೀಟರು ಪೆಟ್ರೋಲು. ಲೀಟರಿಗೆ 100 ರೂಪಾಯಿ ಹಿಡಿದರೂ 200 ಆಯಿತು. ಗಾಡಿ ಸಾಲದ ಕಂತು ದಿನಕ್ಕೆ 100. ಎಣ್ಣೆ, ಟಯರು, ಬ್ರೇಕು, ರಿಪೇರಿಗೆ 50. ವಿಮೆ, ಮೊಬೈಲಿಗೆ 20. ಮೂಲದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ ಶೇಕಡಾ 1ರಂತೆ 9. ಒಟ್ಟು 379 ಹೋಗಿ ಉಳಿಯುವುದು 521. ಗಂಟೆಗೆ 47 ರೂಪಾಯಿ ಚಿಲ್ಲರೆ! ಗಾಡಿ ಕೆಟ್ಟು ನಿಂತ ದಿನ, ಜ್ವರ ಬಂದ ದಿನ ಅದೂ ಇಲ್ಲ.

ಈಗ ತೆರಿಗೆಯ ಮಾತು. ಇದೇ ಲೆಕ್ಕದಲ್ಲಿ ವರ್ಷಕ್ಕೆ 312 ದಿನ ದುಡಿದರೆ ಬರುವುದು 2,80,800 ರೂಪಾಯಿ. 2025-26ರಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ. ಆದರೂ ಗುತ್ತಿಗೆದಾರನೆಂಬ ಹೆಸರಿನಲ್ಲಿ ಮುರಿದ ಶೇಕಡಾ 1, ಅಂದರೆ 2,808 ರೂಪಾಯಿ, ಸರಕಾರದ ಖಜಾನೆಯಲ್ಲಿ ಕುಳಿತಿರುತ್ತದೆ. ರಿಟರ್ನ್ ಸಲ್ಲಿಸಿದವನಿಗೆ ಅದು ವಾಪಸು ಬರುತ್ತದೆ, ಸಲ್ಲಿಸದವನು ಕಳೆದುಕೊಳ್ಳುತ್ತಾನೆ. ಪಾನ್ ಸಂಖ್ಯೆ ಕೊಡದವನಿಗಂತೂ ಶೇಕಡಾ 20ರಂತೆ ಮುರಿಯುತ್ತಾರೆ.

ಆದರೆ ಕಣ್ಣಿಗೆ ಕಾಣದ ತೆರಿಗೆ ವಾಪಸು ಬರುವುದಿಲ್ಲ. ಪೆಟ್ರೋಲಿನ ಬೆಲೆಯೊಳಗೆ ಕೇಂದ್ರದ ಅಬಕಾರಿ ಸುಂಕವಿದೆ, ರಾಜ್ಯದ ಮಾರಾಟ ತೆರಿಗೆಯಿದೆ. 2024ರ ಜೂನಿನಲ್ಲಿ ಕರ್ನಾಟಕ ಸರಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. ದಿನಕ್ಕೆ 2 ಲೀಟರು ಸುಡುವವನು ಹೀಗೆ ತೆರುವುದು ಆ 9 ರೂಪಾಯಿಯ ಹಲವು ಪಟ್ಟು. ಶ್ರೀಮಂತನ ಮೋಜಿನ ಕಾರಿಗೂ ಈ ಬಡವನ ಹೊಟ್ಟೆಪಾಡಿನ ಗಾಡಿಗೂ ಒಂದೇ ದರ! ಇದೆಂಥ ಸಮಾನತೆ?

ಗಿರಣಿಯ ಬಂಧುಗಳು ಯೋಚಿಸಬೇಕು. ಯಂತ್ರಕ್ಕೆ ಎಣ್ಣೆ ಬಿಡುವ ಖರ್ಚು ಮಾಲೀಕನದು; ಅದನ್ನು ನಿಮ್ಮ ಕೂಲಿಯಿಂದ ಕಳೆದರೆ ನೀವು ಸುಮ್ಮನಿರುವಿರಾ? ಅಂಗಡಿಯ ಬಂಧುಗಳೂ ಯೋಚಿಸಬೇಕು. ನೀವು ಬಾಡಿಗೆ, ಸಾಗಣೆ, ಸವಕಳಿ ಎಲ್ಲ ಸೇರಿಸಿ ಬೆಲೆ ಕಟ್ಟುತ್ತೀರಿ. ಈ ಹುಡುಗನಿಗೆ ಕಾರ್ಮಿಕನ ರಕ್ಷಣೆಯೂ ಇಲ್ಲ, ವ್ಯಾಪಾರಿಯಂತೆ ಬೆಲೆ ಕಟ್ಟುವ ಸ್ವಾತಂತ್ರ್ಯವೂ ಇಲ್ಲ. ಖರ್ಚಿಗೆ ಬಂದಾಗ 'ನೀನು ಸ್ವಂತ ಉದ್ಯೋಗಿ' ಎನ್ನುತ್ತಾರೆ. ದರ ಕೇಳಿದರೆ 'ಕಂಪನಿ ಹೇಳಿದ್ದೇ ದರ' ಎನ್ನುತ್ತಾರೆ. ಹಕ್ಕಿಯೂ ಅಲ್ಲ, ಮೃಗವೂ ಅಲ್ಲ ಎಂಬ ಬಾವಲಿಯ ಪಾಡು ಇವನದು. ತೆರಿಗೆ ಕಾಯಿದೆಯಾದರೂ ಅವನ ಪೆಟ್ರೋಲನ್ನು ಖರ್ಚೆಂದು ಒಪ್ಪುತ್ತದೆ. ಕಂಪನಿಯ ಜಾಹೀರಾತು ಅದನ್ನೂ ಆದಾಯವೆಂದೇ ತೋರಿಸುತ್ತದೆ.

ಕಾನೂನು ಏನೂ ಆಗಿಲ್ಲವೆಂದು ನಾವು ಹೇಳುವುದಿಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯಿದೆ ಮಾಡಿತು. ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕ್ಷೇಮನಿಧಿ ಶುಲ್ಕವನ್ನು ಕಂಪನಿಯಿಂದ ವಸೂಲು ಮಾಡುವ ಅಧಿಕಾರ ಅದರಲ್ಲಿದೆ. ಕೆಲಸದಿಂದ ತೆಗೆಯಲು 14 ದಿನಗಳ ನೋಟೀಸು ಬೇಕೆಂಬ ನಿಯಮವಿದೆ. 2025ರ ನವೆಂಬರ್ 21ರಂದು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ ಜಾರಿಗೆ ಬಂತು. ಇವು ಸ್ವಾಗತಾರ್ಹ. ಆದರೆ ಗಂಟೆಗೆ ಕನಿಷ್ಠ ಇಷ್ಟು ಕೂಲಿ ಎಂದು ಇವೆರಡೂ ಹೇಳುವುದಿಲ್ಲ. ಇತ್ತ 2025ರ ಸೆಪ್ಟೆಂಬರ್ 22ರಿಂದ ಆ್ಯಪಿನ ಮೂಲಕ ನಡೆಯುವ ಡೆಲಿವರಿ ಸೇವೆಗೆ ಶೇಕಡಾ 18 ಜಿ.ಎಸ್.ಟಿ. ಬಿದ್ದಿದೆ. ಈ ಶುಲ್ಕ, ಈ ತೆರಿಗೆಗಳ ಹೊರೆಯನ್ನು ಮೆಲ್ಲಗೆ ಸವಾರನ ದರಕ್ಕೆ ಕತ್ತರಿ ಹಾಕಿ ತುಂಬಿಕೊಳ್ಳದಂತೆ ಕಾಯುವವರು ಯಾರು?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಕಿಲೋಮೀಟರಿಗೆ ಇಷ್ಟೆಂದು ಇಂಧನ ಮತ್ತು ಸವಕಳಿಯ ಭತ್ಯೆಯನ್ನು ಕೂಲಿಯಿಂದ ಬೇರೆಯಾಗಿ ಕೊಡಬೇಕು. ಖರ್ಚು ಕಳೆದ ಮೇಲೆ ಉಳಿಯುವ ಗಂಟೆಯ ಕೂಲಿಗೆ ಕನಿಷ್ಠ ಮಿತಿ ಗೊತ್ತುಮಾಡಬೇಕು. ಹೋಟೆಲಿನ ಬಾಗಿಲಲ್ಲಿ ಕಾಯುವ ಹೊತ್ತೂ ಅದರಲ್ಲಿ ಸೇರಬೇಕು. ವಾರ ವಾರ ಕನ್ನಡದಲ್ಲಿ ಲೆಕ್ಕದ ಚೀಟಿ ಕೊಡಬೇಕು. ಮುರಿದ ತೆರಿಗೆಯನ್ನು ವಾಪಸು ಪಡೆಯಲು ಕಾರ್ಮಿಕ ಇಲಾಖೆ ಜಿಲ್ಲೆ ಜಿಲ್ಲೆಯಲ್ಲಿ ನೆರವು ನೀಡಬೇಕು.

ಅಲ್ಲಿಯವರೆಗೆ ಪ್ರತಿಯೊಬ್ಬ ಸವಾರನೂ ಓಡಿದ ದೂರ, ಹಾಕಿದ ಪೆಟ್ರೋಲು, ಕೊಟ್ಟ ಕಂತು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಲೆಕ್ಕ ಬಲ್ಲ ಅಂಗಡಿಕಾರರು ಅವರಿಗೆ ಬರೆಯುವ ಕ್ರಮ ಕಲಿಸಲಿ. ಸಂಘ ಕಟ್ಟಬಲ್ಲ ಗಿರಣಿ ಕಾರ್ಮಿಕರು ಅವರನ್ನು ತಮ್ಮ ಸಭೆಗೆ ಕರೆಯಲಿ. ನೂರು ಜನರ ಪುಸ್ತಕಗಳು ಒಂದೇ ಮೇಜಿನ ಮೇಲೆ ಸೇರಿದ ದಿನ, ಕಂಪನಿಯ ಜಾಹೀರಾತಿಗೆ ಉತ್ತರ ಸಿದ್ಧವಾಗುತ್ತದೆ.