ಮನೆ ಬಾಡಿಗೆಗೆ ಇದೆ: ಯಾರಿಗೆ?

ಶಹಾಬಾದ್, ವಾಡಿ, ಸೇಡಂ ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಸುತ್ತಾಡಿದವರಿಗೆ ಒಂದು ದೃಶ್ಯ ಪರಿಚಿತವಾದುದೇ. ಕೆಳಗೆ ಮಾಲೀಕರ ಸಂಸಾರ, ಮೇಲೆ ಇನ್ನೂ ಗಿಲಾವು ಕಾಣದ ಎರಡು ಕೋಣೆಗಳು, ಗೇಟಿಗೆ ತೂಗುಬಿಟ್ಟ ರಟ್ಟಿನ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂಬ ಬರಹ. ಆ ಬರಹದಲ್ಲಿ ಯಾವ ಷರತ್ತೂ ಇರುವುದಿಲ್ಲ. ಷರತ್ತುಗಳು ಆರಂಭವಾಗುವುದು ಗೇಟಿನ ಚಿಲಕ ಸದ್ದಾದ ಮೇಲೆ. ಎಷ್ಟು ಜನ ಇದ್ದೀರಿ, ಎಲ್ಲಿ ಕೆಲಸ, ಯಾವ ಊರು ಎಂಬಲ್ಲಿಯವರೆಗೆ ಮಾತು ಸರಾಗವಾಗಿ ಸಾಗುತ್ತದೆ. ಬಳಿಕ ಸ್ವಲ್ಪ ತಗ್ಗಿದ ಸ್ವರದಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ: ‘ನೀವು ಯಾವ ಪೈಕಿ ರೀ?’ ಈ ವಾರ ಪ್ರಿಯ ಓದುಗರೊಂದಿಗೆ ಈ ಒಂದು ಪ್ರಶ್ನೆಯ ಕುರಿತು ವಿಚಾರ ಮಾಡಬೇಕೆನಿಸಿದೆ.

ನಮ್ಮ ಈ ಪಟ್ಟಣಗಳು ಹೊರಗಿನಿಂದ ಬಂದವರು ಕಟ್ಟಿದ ಪಟ್ಟಣಗಳು ಎಂಬುದನ್ನು ಮೊದಲು ನೆನಪಿಸಿಕೊಳ್ಳಬೇಕು. 1874ರಲ್ಲಿ ನಿಜಾಮರ ರೈಲುಮಾರ್ಗ ವಾಡಿಯಿಂದ ಸಿಕಂದರಾಬಾದಿಗೆ ತೆರೆದುಕೊಂಡಿತು. ಮುಂಬೈ–ಮದರಾಸು ಮಾರ್ಗದಲ್ಲಿದ್ದ ಒಂದು ಸಣ್ಣ ಊರು ಅಂದಿನಿಂದ ಜಂಕ್ಷನ್ ಆಯಿತು. ಭೀಮಾ ತೀರದ ಸುಣ್ಣದ ಕಲ್ಲನ್ನು ನಂಬಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1936ರಲ್ಲಿ ಹಲವು ಕಂಪನಿಗಳು ಒಂದಾಗಿ ಎ.ಸಿ.ಸಿ. ರೂಪುಗೊಂಡಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅವುಗಳಲ್ಲಿ ಒಂದಾಗಿತ್ತು. 1968ರಲ್ಲಿ ವಾಡಿಯ ಕಾರ್ಖಾನೆ ಆರಂಭವಾಯಿತು. ಎಂಬತ್ತರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲಿ ಚಿಮಣಿಗಳು ಎದ್ದವು. ಆಮೇಲೆ ಚಿತ್ತಾಪುರ ತಾಲ್ಲೂಕಿನ ಇತರ ಕಡೆಗೂ ಕಾರ್ಖಾನೆ ಬಂತು. ಒಂದೊಂದು ಕಾರ್ಖಾನೆಯ ಬೆನ್ನಿಗೂ ಒಂದೊಂದು ಜನಪ್ರವಾಹ ಬಂದಿತು.

ನಮ್ಮ ಕಥೋಲಿಕ ಕುಟುಂಬಗಳೂ ಬಹುಮಟ್ಟಿಗೆ ಈ ಪ್ರವಾಹದಲ್ಲಿಯೇ ಇಲ್ಲಿಗೆ ಬಂದವು. ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತೆರೆದು ‘ಸ್ವಂತ ಊರು’ ಎಂಬ ಅಂಕಣದ ಮೇಲೆ ಬೆರಳಾಡಿಸಿದರೆ ತಮಿಳುನಾಡಿನ ಹಳ್ಳಿಗಳು, ಆಂಧ್ರದ ಊರುಗಳು, ಮಂಗಳೂರು, ಗೋವಾ ಒಂದಾದ ಮೇಲೊಂದು ಬರುತ್ತವೆ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಗುವ ಬಹಳ ಮೊದಲೇ ರೈಲ್ವೆಯ ಗಾರ್ಡು, ಫಿಟ್ಟರು, ಶಾಲೆಯ ಶಿಕ್ಷಕಿ, ಆಸ್ಪತ್ರೆಯ ದಾದಿ ಇವರೆಲ್ಲ ಇಲ್ಲಿ ಸೇರಿ ಒಂದು ಸಮುದಾಯವಾಗಿದ್ದರು. ಅವರಲ್ಲಿ ಕೆಲವರಿಗೆ ಕ್ವಾರ್ಟರ್ಸ್ ದೊರೆಯಿತು. ದೊರೆಯದವರು ಕಾಲೊನಿಯ ಗೋಡೆಯಾಚೆ ಅಗ್ಗದ ಬಾಡಿಗೆಗೆ ಸಿಕ್ಕ ಕೋಣೆಗಳನ್ನು ಹುಡುಕಿಕೊಂಡರು.

ಆ ಗೋಡೆಯಾಚೆಯ ಓಣಿಗಳ ಬದುಕನ್ನು ಹತ್ತಿರದಿಂದ ಬಲ್ಲವರಿಗೆ ಅದರ ಕಷ್ಟವೂ ಗೊತ್ತು, ಸೊಗಸೂ ಗೊತ್ತು. ನೆಲಕ್ಕೆ ಶಹಾಬಾದಿನ ಫರಸಿ, ಕೆಲವು ಮನೆಗಳಲ್ಲಿ ಮಾಳಿಗೆಗೂ ಅದೇ ಕಲ್ಲು. ಮುಂಬೈಯ ಚಾಳುಗಳಿಗೆ ಹೋದ ಅದೇ ಬೂದು ಕಲ್ಲು ಅದನ್ನು ಒಡೆದವನ ಮನೆಯಲ್ಲಿಯೂ ಹಾಸಿದೆ. ನಸುಕಿನಲ್ಲಿ ನಳಕ್ಕೆ ನೀರು ಬಂತೆಂದು ಒಬ್ಬಾಕೆ ಕೂಗಿದರೆ ಹತ್ತು ಮನೆಗಳ ಕೊಡಗಳು ಸದ್ದು ಮಾಡುತ್ತವೆ. ರಾತ್ರಿಪಾಳಿ ಮುಗಿಸಿ ಬಂದವನು ಮಲಗಿದ್ದಾನೆಂದು ಪಕ್ಕದ ಮನೆಯ ಮಕ್ಕಳನ್ನು ತಾಯಿ ಬೇರೆಡೆ ಆಡಲು ಕಳಿಸುತ್ತಾಳೆ. ಜೋಳದ ರೊಟ್ಟಿ ಬಡಿಯುವ ಸದ್ದು ಗೋಡೆ ದಾಟಿ ಕೇಳುತ್ತದೆ. ಮೇ ತಿಂಗಳಲ್ಲಿ ಬಿಸಿಲು 42–43 ಡಿಗ್ರಿಗೆ ಏರಿದಾಗ ಇಡೀ ಓಣಿ ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತದೆ. ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಭಾಷೆಗಳು ಆ ಮಾಳಿಗೆಗಳ ಮೇಲೆ ಒಂದನ್ನೊಂದು ಅರ್ಥಮಾಡಿಕೊಳ್ಳುತ್ತವೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಆರಂಭವಾದ ಮೇಲೆ ಈ ಓಣಿಗಳ ಹಲವು ತಾಯಂದಿರು ಕಲಬುರಗಿಯ ಅಂಗಡಿ, ಆಸ್ಪತ್ರೆಗಳ ಕೆಲಸಕ್ಕೂ ಹೋಗಿಬರತೊಡಗಿದರು. ಶಾಲೆಯಿಂದ ಬೇಗ ಮರಳುವ ಮಕ್ಕಳಿಗೆ ಬೀಗದ ಕೈ ಸಿಗುವುದು ಪಕ್ಕದ ಮನೆಯಲ್ಲಿ. ಅಗ್ಗದ ಮನೆ ಸಹನೀಯವಾಗುವುದು ಇಂಥ ನೆರೆಯಿಂದ. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ಪರಿಪತ್ರದಲ್ಲಿ ಇಕ್ಕಟ್ಟಿನಲ್ಲಿ ಬದುಕುವ ಬಡವರು ತಮ್ಮ ನಡುವೆ ಹೆಣೆದುಕೊಳ್ಳುವ ಬಾಂಧವ್ಯವನ್ನು ಮೆಚ್ಚಿ ಬರೆದುದು ಇಂಥ ಓಣಿಗಳಿಗೂ ಸಲ್ಲುತ್ತದೆ.

ಕಾಲ ಬದಲಾಗಿದೆ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಒಡೆಯರಿಂದ ಒಡೆಯರ ಕೈಗೆ ಹೋಗಿ ಕೊನೆಗೆ ಮುಚ್ಚಿತು. ಖಾಯಂ ನೌಕರಿಗಳು ಕಡಿಮೆಯಾಗಿ ಗುತ್ತಿಗೆಯ ದುಡಿಮೆ ಹೆಚ್ಚಿತು. ಗುತ್ತಿಗೆಯವನಿಗೆ ಕ್ವಾರ್ಟರ್ಸ್ ಇಲ್ಲ. ನಿವೃತ್ತರಾದ ನಮ್ಮ ಹಿರಿಯರು ಭವಿಷ್ಯನಿಧಿಯ ಹಣದಿಂದ ನಿವೇಶನ ಕೊಂಡು, ಕೆಳಗೆ ತಾವಿರಲೆಂದೂ ಮೇಲೆ ಬಾಡಿಗೆ ಬರಲೆಂದೂ ಮನೆ ಕಟ್ಟಿದರು. ಇದು ದುಡಿದವರ ನ್ಯಾಯವಾದ ಫಲ. ಅನೇಕರಿಗೆ ಆ ಬಾಡಿಗೆಯೇ ಪಿಂಚಣಿ. ಹೀಗೆ ನೋಡನೋಡುತ್ತಿದ್ದಂತೆ ಒಂದು ಕಾಲದ ಬಾಡಿಗೆದಾರರ ಸಮುದಾಯ ಮಾಲೀಕರ ಸಮುದಾಯವಾಗಿದೆ. ಗೇಟಿನ ಹೊರಗೆ ನಿಂತು ಉತ್ತರ ಕೊಡುತ್ತಿದ್ದವರು ಈಗ ಒಳಗೆ ನಿಂತು ಪ್ರಶ್ನೆ ಕೇಳುತ್ತಿದ್ದೇವೆ.

ಒಂದು ಪ್ರಸಂಗವನ್ನು ಹೇಳಬೇಕು. ಸಂಬಂಧಪಟ್ಟವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಚಿಂಚೋಳಿ ಕಡೆಯ ತಾಂಡಾ ಒಂದರಿಂದ ಬಂದ ಕುಟುಂಬ. ತಂದೆ ಗುತ್ತಿಗೆಯಲ್ಲಿ ವೆಲ್ಡಿಂಗ್ ಮಾಡುವವನು, ತಾಯಿ ಬಟ್ಟೆ ಹೊಲಿಯುವವಳು, ಇಬ್ಬರು ಮಕ್ಕಳು. ಇದ್ದ ಮನೆಯ ಮಾಲೀಕರು ಮಗನ ಮದುವೆಗೆಂದು ಮನೆ ಬಿಡಿಸಿದರು. ಅದರಲ್ಲಿ ತಪ್ಪೇನಿಲ್ಲ. ಒಂದು ತಿಂಗಳೊಳಗೆ ಬೇರೆ ಮನೆ ಬೇಕಾಗಿತ್ತು. ಮೂರು ಕಡೆ ಮುಂಗಡದ ಮಾತಿನವರೆಗೂ ಬಂದ ವ್ಯವಹಾರ ‘ಯಾವ ಪೈಕಿ’ ಎಂಬ ಪ್ರಶ್ನೆಯಾದ ಮೇಲೆ ನಿಂತುಹೋಯಿತು. ನಾಲ್ಕನೆಯದು ನಮ್ಮವರೇ ಆದ ಒಬ್ಬ ವಿಶ್ವಾಸಿಯ ಮನೆ. ಅಲ್ಲಿಗೆ ಹೋಗಿರೆಂದು ಕಳಿಸಿದವನು ನಾನು. ಮನೆ ತಂಗಿಯ ಮಗನಿಗೆ ಹೇಳಿ ಆಗಿದೆ ಎಂಬ ಉತ್ತರ ಬಂತು. ಎರಡು ತಿಂಗಳ ಬಳಿಕ ರೋಗಿಯೊಬ್ಬರಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಅದೇ ದಾರಿಯಲ್ಲಿ ಹಾದುಹೋದೆ. ರಟ್ಟು ಗೇಟಿನಲ್ಲಿ ತೂಗುತ್ತಲೇ ಇತ್ತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ನೆನಪು. ಆ ಮನೆಯ ಆಶೀರ್ವಾದದ ದಿನ, ಕುಟುಂಬದ ಹಿರಿಯರು ತಮ್ಮ ತಂದೆಯ ಕಾಲದ ಸಂಗತಿಯೊಂದನ್ನು ಹೇಳಿದ್ದರು. ಮಾಂಸ ಬೇಯಿಸುವ ಕಿರಿಸ್ತಾನರೆಂದು ಅವರಿಗೆ ಯಾರೂ ಮನೆ ಕೊಡಲಿಲ್ಲವಂತೆ. ಒಂದು ಮಳೆಗಾಲವನ್ನೆಲ್ಲ ಗೆಳೆಯನ ಕ್ವಾರ್ಟರ್ಸಿನ ವರಾಂಡದಲ್ಲಿ ಗೋಣಿತಟ್ಟಿನ ಮರೆಯಲ್ಲಿ ಕಳೆದರಂತೆ. ಕೊನೆಗೆ ಕೋಣೆ ಕೊಟ್ಟವಳು ಒಬ್ಬ ಮುಸ್ಲಿಂ ವಿಧವೆ. ಆಕೆಯ ಹೆಸರನ್ನು ಆ ಮನೆಯಲ್ಲಿ ಈಗಲೂ ಗೌರವದಿಂದ ನೆನೆಯುತ್ತಾರೆ. ಉಪಕಾರವನ್ನು ಸ್ಮರಿಸುವ ಮನೆಯಲ್ಲಿಯೇ ಅದರ ಪಾಠ ಹೇಗೆ ಮರೆತುಹೋಯಿತು?

ಕಲ್ಲೆಸೆಯುವ ಮುನ್ನ ನನ್ನ ಕೈಯನ್ನೂ ನೋಡಿಕೊಳ್ಳಬೇಕು. ನಮ್ಮ ಗುರುಮಂದಿರದ ಹಿಂದೆ ಎರಡು ಬಾಡಿಗೆ ಕೋಣೆಗಳಿವೆ. ನಾನು ಇಲ್ಲಿಗೆ ಬಂದಾಗಿನಿಂದ ಅವುಗಳನ್ನು ‘ನಮ್ಮವರಿಗೆ ಮಾತ್ರ’ ಕೊಡುವ ವಾಡಿಕೆಯನ್ನು ನಾನೂ ಮುಂದುವರಿಸಿಕೊಂಡು ಬಂದಿದ್ದೆ. ಆ ಕುಟುಂಬ ಮನೆ ಹುಡುಕುತ್ತಿದ್ದ ತಿಂಗಳಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಅವರನ್ನು ಬೇರೊಬ್ಬರ ಮನೆಗೆ ಕಳಿಸಿದ ನನಗೆ ಆ ಕೋಣೆ ನೆನಪಿಗೇ ಬರಲಿಲ್ಲ.

ಮಾಲೀಕರ ಆತಂಕಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಬಾಡಿಗೆ ನಿಲ್ಲಿಸಿಬಿಟ್ಟರೆ ಹೇಗೆ, ಬಿಡೆಂದಾಗ ಬಿಡದಿದ್ದರೆ ಹೇಗೆ, ಬೇಸಿಗೆಯಲ್ಲಿ ನಮಗೇ ಸಾಲದ ನೀರನ್ನು ಹಂಚುವುದು ಹೇಗೆ ಎಂಬ ಚಿಂತೆ ಸಹಜವಾದುದೇ. ಜೀವಮಾನದ ಗಳಿಕೆಯನ್ನು ಇಟ್ಟಿಗೆಗೆ ಸುರಿದವರು ಎಚ್ಚರದಿಂದಿರಬೇಕು. ಆದರೆ ಈ ಆತಂಕಗಳಿಗೆ ಉತ್ತರ ಕೊಡುವ ಪ್ರಶ್ನೆಗಳು ಬೇರೆಯೇ ಇವೆ. ಏನು ಕೆಲಸ, ಮುಂಗಡವೆಷ್ಟು, ಎಷ್ಟು ಜನ, ಹಿಂದಿನ ಮಾಲೀಕರು ಏನು ಹೇಳುತ್ತಾರೆ ಎಂದು ಕೇಳುವುದು ವಿವೇಕ. ಜಾತಿ ಯಾವುದೆಂದು ಕೇಳುವುದರಿಂದ ಬಾಡಿಗೆ ಸರಿಯಾಗಿ ಬರುವುದೋ ಇಲ್ಲವೋ ಎಂಬುದು ಎಳ್ಳಷ್ಟೂ ತಿಳಿಯುವುದಿಲ್ಲ. ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲಿ ಅರಿಸ್ಟಾಟಲನು ವಸ್ತುವಿನ ಸಾರವನ್ನೂ ಅದಕ್ಕೆ ಅಂಟಿಕೊಂಡ ಆಗಂತುಕ ಗುಣಗಳನ್ನೂ ಬೇರ್ಪಡಿಸಿ ನೋಡಲು ಕಲಿಸುತ್ತಾನೆ. ಎದುರಿಗೆ ನಿಂತವನು ಮನುಷ್ಯ, ದುಡಿಯುವವನು, ಎರಡು ಮಕ್ಕಳ ತಂದೆ. ಇದನ್ನೆಲ್ಲ ಬದಿಗಿಟ್ಟು ಹುಟ್ಟಿನ ಆಕಸ್ಮಿಕವನ್ನೇ ಅವನ ಸಾರವೆಂದು ಬಗೆಯುವುದು ಪಾಪವಾಗುವ ಮೊದಲೇ ತರ್ಕದೋಷವಾಗಿದೆ.

‘ಮನೆ ನಮ್ಮದು, ಯಾರಿಗೆ ಕೊಡಬೇಕೆಂಬುದು ನಮ್ಮಿಷ್ಟ’ ಎನ್ನುವವರೂ ಇದ್ದಾರೆ. ಒಡೆತನದ ಹಕ್ಕನ್ನು ಧರ್ಮಸಭೆ ಎಂದೂ ಅಲ್ಲಗಳೆದಿಲ್ಲ. ಆದರೆ ಸಂತ ಥಾಮಸ್ ಅಕ್ವಿನಾಸರು ಒಡೆತನದಲ್ಲಿ ಎರಡು ಅಂಶಗಳನ್ನು ಕಂಡರು. ಸಂಪಾದಿಸುವ ಮತ್ತು ನಿರ್ವಹಿಸುವ ಅಧಿಕಾರ ವ್ಯಕ್ತಿಗೆ ಸೇರಿದ್ದು. ಬಳಕೆಯ ವಿಷಯದಲ್ಲಿ ಮಾತ್ರ ಮನುಷ್ಯನು ತನ್ನ ವಸ್ತುಗಳನ್ನು ಎಲ್ಲರಿಗೂ ಸೇರಿದವೆಂಬಂತೆ ಕಂಡು, ಕೊರತೆಯಲ್ಲಿರುವವರೊಂದಿಗೆ ಹಂಚಿಕೊಳ್ಳಲು ಸಿದ್ಧನಿರಬೇಕು. ಬಾಡಿಗೆ ನಿಗದಿಮಾಡಿ, ಕರಾರು ಬರೆಸಿ, ಮನೆಯನ್ನು ಕಾಪಾಡಿಕೊಳ್ಳುವುದು ನಿರ್ವಹಣೆ. ಹಣ ಕೊಡಲು ಸಿದ್ಧನಿರುವ ನಿರಾಶ್ರಿತನನ್ನು ಹುಟ್ಟಿನ ಕಾರಣಕ್ಕೆ ಹೊರಗಿಡುವುದು ನಿರ್ವಹಣೆಯಲ್ಲ.

ಕಾನೂನು ಇದನ್ನೆಲ್ಲ ನೋಡಿಕೊಳ್ಳಲಿ ಎಂದು ಕೈಚೆಲ್ಲುವಂತೆಯೂ ಇಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 1989ರ ದೌರ್ಜನ್ಯ ತಡೆ ಕಾಯಿದೆಯಿದೆ. ಆದರೆ ಬೇರೆಯವರಿಗೆ ಹೇಳಿ ಆಗಿದೆ ಎಂಬ ಒಂದು ಸುಳ್ಳಿನ ಮುಂದೆ ಯಾವ ಕಾಯಿದೆಯ ಕೈಯೂ ಸುಲಭವಾಗಿ ಮುಂದೆ ಹೋಗದು. ಒಂದು ಸಮುದಾಯಕ್ಕೆ ಮೀಸಲಾದ ಗೃಹನಿರ್ಮಾಣ ಸಹಕಾರ ಸಂಘದ ನಿಯಮವನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎತ್ತಿಹಿಡಿದಿತ್ತು. ಕಾನೂನು ನಿಲ್ಲುವ ಜಾಗದಿಂದ ಆತ್ಮಸಾಕ್ಷಿಯ ಕೆಲಸ ಆರಂಭವಾಗುತ್ತದೆ.

ವಿಳಾಸವಿಲ್ಲದಿರುವುದು ಎಂದರೇನೆಂದು ನಮ್ಮ ಜಿಲ್ಲೆಗೆ ಚೆನ್ನಾಗಿ ತಿಳಿದಿದೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ 2023ರ ಜನವರಿ 19ರಂದು ಪ್ರಧಾನಮಂತ್ರಿಗಳು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರಗಳನ್ನು ವಿತರಿಸಿದರು. ತಲೆಮಾರುಗಳಿಂದ ತಾಂಡಾಗಳಲ್ಲಿ ಬದುಕಿದವರ ಮನೆಗಳು ಅಲ್ಲಿಯವರೆಗೆ ಕಂದಾಯ ದಾಖಲೆಯಲ್ಲಿ ಇರಲೇ ಇಲ್ಲ. ಊರಿನಲ್ಲಿ ಹಕ್ಕುಪತ್ರ ಪಡೆದವನು ದುಡಿಮೆಗಾಗಿ ಪಟ್ಟಣಕ್ಕೆ ಬಂದಾಗ ಮತ್ತೆ ವಿಳಾಸವಿಲ್ಲದವನಾಗುತ್ತಾನೆ. ಅಡುಗೆ ಅನಿಲದ ಸಂಪರ್ಕಕ್ಕೂ ಆಧಾರ್ ವಿಳಾಸದ ಬದಲಾವಣೆಗೂ ಅವನಿಗೆ ಒಂದು ಕಾಗದ ಬೇಕು. ಆ ಕಾಗದ ನಮ್ಮಂಥವರ ಕೈಯಲ್ಲಿದೆ.

ಆದುದರಿಂದ ಕಾರ್ಯಸಾಧ್ಯವಾದ ಕೆಲವು ಮಾತುಗಳನ್ನು ವಿನಂತಿಸಿಕೊಳ್ಳುತ್ತೇನೆ. ಬಾಡಿಗೆ ಕೊಡುವ ಪ್ರತಿಯೊಂದು ಕುಟುಂಬವೂ ಛಾಪಾ ಕಾಗದದ ಮೇಲೆ ಕರಾರು ಬರೆಸಲಿ. ಬಾಡಿಗೆ, ಮುಂಗಡ, ನೀರು, ಮನೆ ಬಿಡುವ ಅವಧಿ ಎಲ್ಲವೂ ಅದರಲ್ಲಿರಲಿ. ಅದು ಮಾಲೀಕನಿಗೆ ರಕ್ಷಣೆ, ಬಾಡಿಗೆದಾರನಿಗೆ ವಿಳಾಸ. ಹಿಂದಿನ ಮಾಲೀಕರನ್ನು ವಿಚಾರಿಸುವ ವಾಡಿಕೆ ಬೆಳೆಯಲಿ. ನಮ್ಮ ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಸದಸ್ಯರು ಮನೆಮನೆಗೆ ಭೇಟಿ ಕೊಡುವವರು. ಮನೆ ಹುಡುಕುವ ದುಡಿಯುವ ಕುಟುಂಬಗಳ ಪರವಾಗಿ ಪರಿಚಯದ ಮಾತು ಹೇಳುವ ಹೊಣೆಯನ್ನು ಅವರು ಹೊರಬಹುದು. ಖಾಲಿ ಕೋಣೆಗಳ ಪಟ್ಟಿಯೊಂದನ್ನು ಗುರುಮಂದಿರದಲ್ಲಿ ಇಡಲಾಗುವುದು. ಅದನ್ನು ನೋಡಲು ಯಾವ ಧರ್ಮದವರೂ ಬರಬಹುದು. ಪಟ್ಟಿಯ ಮೊದಲಲ್ಲಿ ಗುರುಮಂದಿರದ ಹಿಂದಿನ ಎರಡು ಕೋಣೆಗಳಿರುತ್ತವೆ. ‘ನಮ್ಮವರಿಗೆ ಮಾತ್ರ’ ಎಂಬ ವಾಡಿಕೆಯನ್ನು ಧರ್ಮಕೇಂದ್ರದ ಪಾಲನಾ ಮಂಡಳಿಯ ಒಪ್ಪಿಗೆಯೊಂದಿಗೆ ಕೈಬಿಡಲಾಗಿದೆ.

ಆ ಕುಟುಂಬಕ್ಕೆ ಕೊನೆಗೆ ರೈಲುಹಳಿಯ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಕೋಣೆ ಸಿಕ್ಕಿತು. ಗುರುಮಂದಿರದ ಕೋಣೆಗೆ ಬನ್ನಿರೆಂದು ನಾನು ಹೇಳಿಕಳಿಸುವಷ್ಟರಲ್ಲಿ ಅವರು ಮುಂಗಡ ಕೊಟ್ಟಾಗಿತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಒಳಗೆ ಕೂರಲಾಗದೆ ಆ ತಾಯಿ ಹೊಲಿಗೆ ಯಂತ್ರವನ್ನು ಬೇವಿನ ಮರದ ಕೆಳಗೆ ತಂದಿಟ್ಟುಕೊಳ್ಳುತ್ತಿದ್ದಳು. ನಾನು ಹೋದಾಗ ದೂರಲಿಲ್ಲ, ಕುಡಿಯಲು ನೀರು ಕೊಟ್ಟಳು.

ಕ್ರಿಸ್ತಜಯಂತಿಯಲ್ಲಿ ನಾವು ಪ್ರತಿವರ್ಷ ಗೋದಲಿ ಕಟ್ಟುತ್ತೇವೆ. ಛತ್ರದಲ್ಲಿ ಸ್ಥಳವಿಲ್ಲವೆಂದು ಮರಿಯ–ಜೋಸೆಫರನ್ನು ಕಳಿಸಿಬಿಟ್ಟವನನ್ನು ಮಕ್ಕಳ ನಾಟಕದಲ್ಲಿ ಕಠೋರನನ್ನಾಗಿ ಚಿತ್ರಿಸುತ್ತೇವೆ. ಬಹುಶಃ ಅವನು ನಮ್ಮಂಥ ಸಾಮಾನ್ಯ ಗೃಹಸ್ಥನೇ ಆಗಿದ್ದಿರಬೇಕು. ನಿಮ್ಮ ಗೇಟಿನಲ್ಲಿ ರಟ್ಟು ತೂಗುತ್ತಿದ್ದರೆ, ಮುಂದಿನ ಸಲ ಚಿಲಕ ಸದ್ದಾದಾಗ ಆ ಒಂದು ಪ್ರಶ್ನೆಯನ್ನು ಕೇಳದೆ ಬಿಡಿರಿ. ಉಳಿದುದನ್ನೆಲ್ಲ ಧಾರಾಳವಾಗಿ ಕೇಳಿರಿ.