ಕೇಪಿನ ಕೋವಿಗೆ ತೋಟಾ ಹೊಂದೀತೆ?

ಬೈಂದೂರಿನಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ, ಘಟ್ಟದ ತಪ್ಪಲಿನ ಹಳ್ಳಿಯೊಂದರಿಂದ ಕುಂದಾಪುರದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಹಿಂದೆ ನನ್ನಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟನು. ಅವನ ಮನೆಯಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಹಳೆಯ ಕೇಪಿನ ಕೋವಿಯೊಂದಿದೆ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜದಿಂದ ಇಡಿದು, ಹಿಂದೆ ಕೇಪು ತೊಡಿಸಿ ಸಿಡಿಸುವಂಥದು. ಮಳೆಗಾಲದ ರಾತ್ರಿ ಈ ವಿಧಿಗಳೆಲ್ಲ ಮುಗಿಯುವುದು ಯಾವಾಗ? "ನಾವ್ ಮದ್ದ್ ತುಂಬುದ್ರೊಳ್ಗೆ ಹಂದಿ ಗೆದ್ದಿ ಪೂರಾ ಹಾಳ್ ಮಾಡಿ ಹೋತ್ತ್" ಎಂದು ಅಜ್ಜಯ್ಯ ಗೊಣಗುವುದನ್ನು ಹುಡುಗನು ಬಾಲ್ಯದಿಂದ ಕೇಳಿದ್ದಾನೆ.

ಈಚೆಗೆ ಅವನು ಎಲ್ಲಿಯೋ ಓದಿದನಂತೆ: ನೂರೈವತ್ತು ವರ್ಷಗಳ ಹಿಂದಿನ ಕೋಲ್ಟ್ ರಿವಾಲ್ವರುಗಳ ಪ್ರತಿಕೃತಿಗಳನ್ನು ಇಟಲಿಯಲ್ಲಿ ತಯಾರಿಸಿ ಅಮೆರಿಕದಲ್ಲಿ ಮಾರುತ್ತಾರೆ, ಅವು ಕರಿಮದ್ದು ಮತ್ತು ಕೇಪಿನವು, ಆದರೆ ಅವುಗಳ ತಿರುಗುವ ಉರುಳೆಯನ್ನು ತೆಗೆದು, ತೋಟಾ ಹಿಡಿಯುವ ಇನ್ನೊಂದು ಉರುಳೆಯನ್ನು ಕೂರಿಸಿದರೆ ಅದೇ ಆಯುಧ ತೋಟಾ ಹಾರಿಸುತ್ತದೆ. "ಅಜ್ಜಯ್ಯನ ಕೋವಿಯನ್ನೂ ಒಬ್ಬ ಒಳ್ಳೆಯ ಕೆಲಸಗಾರನಿಂದ ಹಾಗೆ ಮಾಡಿಸಬಹುದಲ್ಲವೆ?" ಎಂಬುದು ಅವನ ಪ್ರಶ್ನೆ. ಕೂಡದು ಎಂಬುದೇ ನನ್ನ ಉತ್ತರ. ಆದರೆ ಕಾರಣ ಹೇಳದೆ ಕೂಡದು ಎನ್ನುವುದು ವಿಜ್ಞಾನವನ್ನು ಓದುವವನಿಗೆ ತಕ್ಕ ಮಾತಲ್ಲ. ಹಾಗಾಗಿ ಈ ಲೇಖನ.

ಮೊದಲು ಮದ್ದಿನ ವಿಚಾರ. ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ: ಇದು ಕರಿಮದ್ದು. ಇದು ಉರಿಯುವ ವೇಗವು ಹೆಚ್ಚಾಗಿ ಹರಳಿನ ಗಾತ್ರವನ್ನು ಅವಲಂಬಿಸಿದೆ. ಸುತ್ತಲಿನ ಒತ್ತಡ ಏರಿದಷ್ಟೂ ಅದು ಹುಚ್ಚೆದ್ದು ಉರಿಯುವುದಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಕಂಡುಹಿಡಿದ ಹೊಗೆರಹಿತ ಮದ್ದಿನ ಸ್ವಭಾವ ಬೇರೆ. ಒತ್ತಡ ಹೆಚ್ಚಿದಂತೆ ಅದರ ಉರಿ ಹೆಚ್ಚುತ್ತದೆ, ಉರಿ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಅದು ಕರಿಮದ್ದಿನ ಸುಮಾರು ಮೂರು ಪಟ್ಟು ಕೆಲಸ ಮಾಡಬಲ್ಲದು. ಇಂದು ಪೇಟೆಯಲ್ಲಿ ದೊರೆಯುವ ತೋಟಾಗಳಲ್ಲಿರುವುದು ಈ ಮದ್ದು.

ಇನ್ನು ಸ್ವಲ್ಪ ಲೆಕ್ಕ. ಪೆನ್ಸಿಲು ಹಿಡಿದವರು ಜೊತೆಗೆ ಬರಬಹುದು. ಸಾಮಾನ್ಯ ಹನ್ನೆರಡು ಬೋರಿನ ತೋಟಾಕ್ಕೆ ಅಂತರರಾಷ್ಟ್ರೀಯ ನಿಯಮವು ವಿಧಿಸಿರುವ ಒತ್ತಡದ ಮಿತಿ 740 ಬಾರ್, ಅಂದರೆ 74 ಮೆಗಾಪಾಸ್ಕಲ್. ನಳಿಗೆಯ ಒಳವ್ಯಾಸ 18.5 ಮಿಲ್ಲಿಮೀಟರ್. ಗೋಡೆಯ ದಪ್ಪ 4 ಮಿಲ್ಲಿಮೀಟರ್ ಎಂದಿಟ್ಟುಕೊಳ್ಳೋಣ. ಒತ್ತಡವನ್ನು ಒಳತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ ಗೋಡೆಯನ್ನು ಸೀಳಲೆಳಸುವ ಪ್ರತಿಬಲದ ಸ್ಥೂಲವಾದ ಬೆಲೆ ಬರುತ್ತದೆ: ಸುಮಾರು 170 ಮೆಗಾಪಾಸ್ಕಲ್. ಹಳೆಯ ಬಡಿಗಬ್ಬಿಣವು ಮರಳಿ ತನ್ನ ಆಕಾರಕ್ಕೆ ಬಾರದಂತೆ ಹಿಗ್ಗತೊಡಗುವುದು ಹೆಚ್ಚುಕಡಿಮೆ 200ರ ಆಸುಪಾಸಿನಲ್ಲಿ. ತುಕ್ಕು ಒಂದೇ ಒಂದು ಮಿಲ್ಲಿಮೀಟರನ್ನು ತಿಂದಿದೆಯೆನ್ನಿ. ಪ್ರತಿಬಲ 228ಕ್ಕೆ ಏರುತ್ತದೆ. ಮತ್ತೆ ಹೇಳಬೇಕಾದುದಿಲ್ಲ.

ತುಕ್ಕು ನಮ್ಮ ಕರಾವಳಿಯಲ್ಲಿ ಊಹೆಯ ಮಾತಲ್ಲ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚಿನದು ಅನಿಲವಾಗದೆ ಪೊಟ್ಯಾಸಿಯಮ್ಮಿನ ಲವಣಗಳಾಗಿ ಉಳಿದುಬಿಡುತ್ತದೆ. ದಟ್ಟವಾದ ಆ ಬಿಳಿಯ ಹೊಗೆ ಎಂದರೆ ಇದೇ. ನಳಿಗೆಯೊಳಗೆ ಅಂಟಿದ ಈ ಲವಣಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಆಷಾಢದಲ್ಲಿ ಗೋಡೆಗೆ ತೂಗಹಾಕಿದ ಕೋವಿಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಉಪ್ಪಿನ ಭರಣಿ ನೋಡಿದ ಯಾವ ಗೃಹಿಣಿಯಾದರೂ ಹೇಳಿಯಾಳು.

ಇದಕ್ಕಿಂತ ಮುಖ್ಯವಾದುದು ಕೋವಿಯ ಹಿಂಬಾಗಿಲು. ಕೇಪಿನ ಕೋವಿಗೆ ಹಿಂಬಾಗಿಲೇ ಇಲ್ಲ. ನಳಿಗೆಯ ಹಿಂತುದಿಯನ್ನು ಗಟ್ಟಿ ತಿರುಪಿನಿಂದ ಶಾಶ್ವತವಾಗಿ ಮುಚ್ಚಿರುತ್ತಾರೆ. ತೋಟಾ ಹಾಕಬೇಕಾದರೆ ಅಲ್ಲಿ ತೆರೆದು ಮುಚ್ಚುವ ಬಾಗಿಲು ಬೇಕು. ಮೇಲಿನ ಒತ್ತಡವನ್ನು ನಳಿಗೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿ ನೋಡಿ: ಸುಮಾರು ಎರಡು ಟನ್ ಭಾರ ಆ ಬಾಗಿಲನ್ನು ಹಿಂದಕ್ಕೆ ದೂಡುತ್ತದೆ, ಸೆಕೆಂಡಿನ ಸಾವಿರದ ಒಂದೆರಡು ಅಂಶದಷ್ಟು ಕಾಲ. ಬಾಗಿಲಿನ ಹಿಂದೆ ಇರುವುದು ಕೋವಿ ಹಿಡಿದವನ ಕಣ್ಣು ಮತ್ತು ಕೆನ್ನೆ.

ಹಾಗಾದರೆ ಚರಿತ್ರೆಯಲ್ಲಿ ಇಂಥ ಪರಿವರ್ತನೆಗಳು ನಡೆಯಲೇ ಇಲ್ಲವೆ? ಧಾರಾಳವಾಗಿ ನಡೆದಿವೆ. ಬ್ರಿಟಿಷರು 1866ರಿಂದ ತಮ್ಮ ಎನ್ಫೀಲ್ಡ್ ಬಂದೂಕುಗಳ ಹಿಂಭಾಗವನ್ನು ಕತ್ತರಿಸಿ, ಜೇಕಬ್ ಸ್ನೈಡರನ ಬಾಗಿಲನ್ನು ಕೂರಿಸಿ, ಬಾಯಿತುಂಬುವ ಬಂದೂಕನ್ನು ತೋಟಾ ಬಂದೂಕನ್ನಾಗಿ ಮಾಡಿದರು. ಅಮೆರಿಕದಲ್ಲಿ ಹಿಂದೆಮುಂದೆ ತೂತು ಕೊರೆದ ಉರುಳೆಯ ಮೇಲೆ ರೋಲಿನ್ ವೈಟ್ 1855ರಲ್ಲಿ ಪಡೆದಿದ್ದ ಹಕ್ಕು 1869ರಲ್ಲಿ ಮುಗಿದ ಮೇಲೆ ಕೋಲ್ಟ್ ಕಂಪೆನಿಯು ತನ್ನ ಕೇಪಿನ ರಿವಾಲ್ವರುಗಳನ್ನು ತೋಟಾಕ್ಕೆ ಒಗ್ಗಿಸಿತು. ಆದರೆ ಗಮನಿಸಿ: ಎನ್ಫೀಲ್ಡ್ ಬಂದೂಕುಗಳನ್ನು ಯಂತ್ರಗಳಲ್ಲಿ ಅಳತೆಪಟ್ಟಿಗೆ ತಕ್ಕಂತೆ, ಒಂದರ ಭಾಗ ಇನ್ನೊಂದಕ್ಕೆ ಹೊಂದುವಂತೆ ಮಾಡುವ ಕಾರ್ಖಾನೆಯೇ ಆ ಪರಿವರ್ತನೆಯನ್ನೂ ಮಾಡಿತು. ತುಂಬಿದ್ದು ಆಗಲೂ ಕರಿಮದ್ದೇ. ಅಷ್ಟಾದರೂ ಬಾಗಿಲು ಸಾಲದೆನಿಸಿ, ಮುಂದಿನ ಮಾದರಿಯಲ್ಲಿ ಕಬ್ಬಿಣದ ನಳಿಗೆಯ ಬದಲು ಉಕ್ಕಿನದನ್ನೂ ಬಾಗಿಲಿಗೆ ಅಗಳಿಯನ್ನೂ ಇಟ್ಟರು.

ವಿದ್ಯಾರ್ಥಿ ಓದಿದ ಇಟಲಿಯ ಪ್ರತಿಕೃತಿಗಳ ಕಥೆಯೂ ಅಷ್ಟೆ. ಉಕ್ಕಿನ ಚೌಕಟ್ಟಿರುವ ರಿವಾಲ್ವರಿಗೆ ಮಾತ್ರ, ಹಿತ್ತಾಳೆ ಚೌಕಟ್ಟಿನದಕ್ಕೆ ಸರ್ವಥಾ ಕೂಡದು; ಮೆಲ್ಲನೆಯ ಒತ್ತಡದ ತೋಟಾ ಮಾತ್ರ ಬಳಸಬೇಕು ಎಂದು ಆ ಉರುಳೆಗಳನ್ನು ಮಾಡುವವರೇ ಎಚ್ಚರಿಸುತ್ತಾರೆ. ಅಲ್ಲಿ ಒತ್ತಡ ತಡೆಯುವ ಭಾಗವನ್ನೇ, ಅಂದರೆ ಉರುಳೆಯನ್ನೇ, ಹೊಸ ಉಕ್ಕಿನದಾಗಿ ಕೊಡುತ್ತಾರೆ. ಅಜ್ಜಯ್ಯನ ಕೋವಿಯಲ್ಲಿ ಒತ್ತಡ ತಡೆಯಬೇಕಾದುದು ಆ ಹಳೆಯ ನಳಿಗೆಯೇ. ಹೋಲಿಕೆ ಮುರಿದುಬೀಳುವುದು ಇಲ್ಲಿ.

ಪಾತ್ರೆಯೇ ಮುಖ್ಯ, ಮದ್ದು ಆಮೇಲಿನದು ಎಂಬುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಕುಂದಾಪುರದಿಂದ ಹೊಸಂಗಡಿಯ ಘಾಟಿ ಹತ್ತಿದರೆ ಸಿಗುವ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕಿದ ರಾಕೆಟ್ಟುಗಳು ದೊರೆತವು. ಯೂರೋಪಿನವರು ಕಾಗದದ ಕೊಳವೆಗೆ ಮದ್ದು ತುಂಬುತ್ತಿದ್ದ ಕಾಲದಲ್ಲಿ ಮೈಸೂರಿನವರು ಕಬ್ಬಿಣದ ಕೊಳವೆಗೆ ತುಂಬಿದರು. ಮದ್ದು ಅದೇ ಜಾತಿಯದು, ದೂರ ಹಾರಿದ್ದು ಕೊಳವೆಯ ಬಲದಿಂದ.

ಕಾನೂನಿನ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. 1959ರ ಆಯುಧ ಕಾಯಿದೆಯಂತೆ ಆಯುಧವನ್ನು ತಯಾರಿಸುವುದಕ್ಕೆ ಮಾತ್ರವಲ್ಲ, ಪರಿವರ್ತಿಸುವುದಕ್ಕೂ, ಪರೀಕ್ಷಿಸುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳಲು ಅಜ್ಜಯ್ಯನಿಗಿರುವ ಪರವಾನಗಿ ಇದಕ್ಕೆ ಸಾಲದು. ಊರ ಕಮ್ಮಾರನು ಎಷ್ಟೇ ಜಾಣನಾದರೂ ಅವನಿಗೂ ಆ ಅಧಿಕಾರವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಅಜ್ಜಯ್ಯನ ಗೊಣಗಾಟವನ್ನು ತಳ್ಳಿಹಾಕಿದೆನೆಂದು ಯಾರೂ ತಿಳಿಯಬಾರದು. ಹಂದಿ ಒಂದು ರಾತ್ರಿ ಗದ್ದೆಗಿಳಿದರೆ ಆ ಮನೆಯ ವರ್ಷದ ಅಕ್ಕಿ ಹೋಯಿತೆಂದೇ ಲೆಕ್ಕ. ಮಂಗ ಬಂದರೆ ಎಳನೀರು ಉಳಿಯದು, ನವಿಲು ಬಂದರೆ ಬಿತ್ತಿದ ಬೀಜ ಉಳಿಯದು. ಚುನಾವಣೆ ಘೋಷಣೆಯಾದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸುವಂತೆ ಆಜ್ಞೆ ಬರುತ್ತದೆ. ಹಂದಿಗಳಿಗೆ ನೀತಿಸಂಹಿತೆಯ ತಿಳಿವಳಿಕೆ ಇದ್ದಂತಿಲ್ಲ. ಆದರೆ ಈ ಕಷ್ಟಕ್ಕೆ ತೋಟಾ ಪರಿಹಾರವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇರುವಾಗ ರೈತನ ಕೋವಿಯ ನಿಜವಾದ ಕೆಲಸ ಬೆದರಿಸುವುದು, ಕೊಲ್ಲುವುದಲ್ಲ. ಬೆದರಿಸಲು ಬೇಕಾದುದು ಸದ್ದು ಮತ್ತು ಹೊಗೆ. ಅವೆರಡನ್ನೂ ಕರಿಮದ್ದು ಯಥೇಚ್ಛವಾಗಿ ಕೊಡುತ್ತದೆ, ಅದೂ ಗುಂಡಾಗಲಿ ಚರೆಯಾಗಲಿ ಇಲ್ಲದೆ.

ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿಯೇ ರಾಜಪತ್ರ ದೊರೆತು, ಮುಂದೆ ನಳಿಗೆಗಳನ್ನು ಅಧಿಕ ಮದ್ದಿನಿಂದ ಪರೀಕ್ಷಿಸಿ ಮುದ್ರೆಯೊತ್ತುವ ಪದ್ಧತಿ ನೆಲೆಗೊಂಡಿತು. ಬರ್ಮಿಂಗ್ಹ್ಯಾಮಿನಲ್ಲಿ 1813ರಲ್ಲಿ ಇದಕ್ಕೆಂದೇ ಪರೀಕ್ಷಾಗೃಹ ಸ್ಥಾಪಿತವಾಯಿತು. ನಮ್ಮಲ್ಲಿ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಕಾಗದಪತ್ರಗಳ ಜೊತೆಗೆ ನಳಿಗೆಯ ಆರೋಗ್ಯವನ್ನೂ ತಜ್ಞನೊಬ್ಬನು ನೋಡಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ವರ್ಷಕ್ಕೊಂದು ದಿನ, ಮಳೆಗಾಲ ಕಳೆದ ಮೇಲೆ, ಅಂಥ ತಪಾಸಣೆ ಏರ್ಪಟ್ಟರೆ ಸಾಕು. ಸೋತ ಕೋವಿಯನ್ನು ಒಪ್ಪಿಸಿದ ರೈತನಿಗೆ ಸೌರಬೇಲಿಗೆ ಸಹಾಯಧನವನ್ನು ಮೊದಲು ಕೊಡಲಿ.

ಹುಡುಗನು ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದನು. ಅಜ್ಜಯ್ಯ ಎರಡು ಟನ್ನಿನ ಮಾತನ್ನು ನಂಬಲಿಲ್ಲವಂತೆ. ಆದರೆ ಕೋವಿಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಇಟ್ಟಿದ್ದಾರಂತೆ.