ಕಪ್ಪ ಕೊಡುವವರು ಸಾರ್ವಭೌಮರಲ್ಲ



ಸಂಘದ ಸಭೆಯಲ್ಲಿ ನಾನು ‘ಸಾರ್ವಭೌಮತ್ವ’ ಎಂಬ ಮಾತು ಎತ್ತಿದಾಗಲೆಲ್ಲ, ಅದು ದಿಲ್ಲಿಯವರ ವಿಷಯ, ನಮಗೇಕೆ ಎನ್ನುವವರೇ ಹೆಚ್ಚು. ನನಗೆ ಹಾಗನಿಸುವುದಿಲ್ಲ. ಕೊನೆಯ ಮಾತು ಯಾರದೋ ಅವರೇ ಸಾರ್ವಭೌಮರು. ಸ್ವಾಯತ್ತತೆ ಅದಕ್ಕಿಂತ ಚಿಕ್ಕದು. ತನ್ನ ಎಲ್ಲೆಯೊಳಗಿನ ಕೆಲಸವನ್ನು ತಾನೇ ತೀರ್ಮಾನಿಸಬಹುದು, ಆದರೆ ಆ ಎಲ್ಲೆಯ ಗೆರೆ ಎಳೆಯುವವರು ಬೇರೆ. ಈ ವ್ಯತ್ಯಾಸ ತಿಳಿಯಲು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾವು ದೂರ ಹೋಗಬೇಕಿಲ್ಲ. ನಮ್ಮ ಕೋಟೆಗಳನ್ನು ನೋಡಿದರೆ ಸಾಕು.

ಈ ಸೀಮೆಯನ್ನು ಆಳಿದವರು ಪಾಳೆಯಗಾರರು. ಕಂದಾಯ ಎತ್ತುತ್ತಿದ್ದರು, ನ್ಯಾಯ ಹೇಳುತ್ತಿದ್ದರು, ದಂಡು ಇಟ್ಟಿದ್ದರು. ಆದರೆ ಮೇಲಿನ ದೊರೆಗೆ ಕಪ್ಪ ಒಪ್ಪಿಸಬೇಕಿತ್ತು. ಆ ದೊರೆಯೋ ಬದಲಾಗುತ್ತಲೇ ಇದ್ದ. ಶಿರಾವನ್ನು 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಗೆದ್ದ. 1687ರಲ್ಲಿ ಅದು ಮೊಗಲರ ಸುಬಾದ ರಾಜಧಾನಿಯಾಯಿತು. 1761ರಲ್ಲಿ ಹೈದರಾಲಿಯ ಕೈಸೇರಿತು. ಮಧುಗಿರಿಯನ್ನು 1678ರಲ್ಲೇ ಚಿಕ್ಕದೇವರಾಜ ಒಡೆಯರ ಸೈನ್ಯ ಹಿಡಿದಿತ್ತು. ಮುಂದೆ ಮೈಸೂರಿನ ಅರಸರೂ 1799ರಿಂದ ಬ್ರಿಟಿಷರಿಗೆ ವರ್ಷವರ್ಷ ಹಣ ಕಟ್ಟಬೇಕಾಯಿತು. ಕಟ್ಟುತ್ತಿದ್ದರೂ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಮರಳಿ ಕೊಟ್ಟದ್ದು ಐವತ್ತು ವರ್ಷದ ಮೇಲೆ, 1881ರಲ್ಲಿ. ಕಪ್ಪ ಕೊಟ್ಟು ಕೊಂಡ ನೆಮ್ಮದಿ ಕೇಳುವವನ ಮನಸ್ಸು ಇರುವ ತನಕ ಮಾತ್ರ.

ಈಗ ನಮ್ಮ ಮನೆಗಳ ಕಡೆ ತಿರುಗೋಣ. ವರದಕ್ಷಿಣೆ ಕಪ್ಪವಲ್ಲದೆ ಇನ್ನೇನು? ಒಡವೆ, ಬೈಕು, ಹಣ ಕೊಟ್ಟರೆ ಮಗಳು ಸುಖವಾಗಿರುತ್ತಾಳೆಂದು ತವರಿನವರು ಸಾಲ ಮಾಡುತ್ತಾರೆ. ಆಮೇಲೆ ಹಬ್ಬಕ್ಕೊಂದು, ಸೀಮಂತಕ್ಕೊಂದು, ನಾಮಕರಣಕ್ಕೊಂದು. ಕೊಟ್ಟಷ್ಟೂ ಕೇಳುವ ಬಾಯಿ ದೊಡ್ಡದಾಗುತ್ತದೆ. ಕೊಡುವುದು ನಿಂತ ದಿನ ಬೈಗುಳ, ಹೊಡೆತ, ಕೆಲವು ಮನೆಗಳಲ್ಲಿ ಸಾವು. ಇಂದಿನ ಸಾರು ಯಾವುದೆಂದು ತೀರ್ಮಾನಿಸುವವಳು ನೀನೇ. ಅದು ಪಾಳೆಯಗಾರನ ಸ್ವಾಯತ್ತತೆ. ಹೊಲ ಮಾರಬೇಕೇ, ಮಗಳು ಕಾಲೇಜಿಗೆ ಹೋಗಬೇಕೇ, ಸಂಘದಿಂದ ನೀನೇ ತಂದ ಸಾಲ ಯಾವುದಕ್ಕೆ ಖರ್ಚಾಗಬೇಕು ಎಂಬಲ್ಲಿ ಕೊನೆಯ ಮಾತು ಯಾರದು?

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ ಈ ದೇಶದ ಕೊನೆಯ ಮಾತನ್ನು ಯಾವ ದೊರೆಗೂ ಕೊಡಲಿಲ್ಲ, ಪ್ರಜೆಗಳಿಗೆ ಕೊಟ್ಟಿತು. ಪ್ರಜೆ ಎಂಬಲ್ಲಿ ಹೆಣ್ಣೂ ಸೇರಿದ್ದಾಳೆ. ಕರ್ನಾಟಕದಲ್ಲಿ 1983ರ ಕಾಯ್ದೆ ಪಂಚಾಯತಿ ಸ್ಥಾನಗಳಲ್ಲಿ ನೂರಕ್ಕೆ 25ನ್ನು ಮಹಿಳೆಯರಿಗೆ ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆಯಿತು. 1993ರಲ್ಲಿ ಅದು ಮೂರನೇ ಒಂದು ಪಾಲಾಯಿತು, 2010ರಲ್ಲಿ ಅರ್ಧವಾಯಿತು. ಇದು ಸಣ್ಣ ಗೆಲುವಲ್ಲ. ಆದರೂ ಎಷ್ಟೋ ಕಡೆ ಅಧ್ಯಕ್ಷೆಯ ಪಕ್ಕದಲ್ಲಿ ಗಂಡನೋ ಮೈದುನನೋ ಕುರ್ಚಿ ಹಾಕಿ ಕೂರುವುದನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ. ಸಹಿ ಆಕೆಯದು, ಮಾತು ಅವನದು. ಮನೆಯಲ್ಲಿ ಬಾಯಿ ಮುಚ್ಚಿಸಿದವಳು ಪಂಚಾಯತಿಯಲ್ಲಿ ಬಾಯಿ ತೆರೆಯುವುದು ಹೇಗೆ?

ಮನೆಯಲ್ಲಿ ಮಾತಿಗೆ ಬೆಲೆ ಬರುವುದು ಕಾಲ ಕೆಳಗೆ ನೆಲ ಇದ್ದಾಗ. ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಸುಮಾರು 13,000 ಎಕರೆ, 2,050 ಮೆಗಾವಾಟ್, ಉದ್ಘಾಟನೆ 2018ರಲ್ಲಿ. ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ. ಒಡೆತನ ರೈತರಲ್ಲೇ ಉಳಿದದ್ದು ಒಳ್ಳೆಯದೇ. ಆದರೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದ ಕೂಲಿ ಹೆಂಗಸರಿಗೆ ಕೂಲಿಯೂ ಹೋಯಿತು, ಗುತ್ತಿಗೆ ಹಣವೂ ಇಲ್ಲ.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾಯ್ದೆ ಮಾಡಿತು. ಅದಕ್ಕೆ ಮೊದಲು ಮದುವೆಯಾದವರು ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಹಿಡಿದು ಬರುತ್ತಾರೆ. ‘ನಿನ್ನ ಮದುವೆಗೆ ಕೊಟ್ಟಿದ್ದೇವಲ್ಲ’ ಎನ್ನುತ್ತಾರೆ. ಕೊಟ್ಟದ್ದು ಯಾರಿಗೆ? ಗಂಡನ ಮನೆಗೆ. ಕಳೆದುಕೊಂಡದ್ದು ಯಾರು? ನೀನು. ಒಂದೇ ವರದಕ್ಷಿಣೆ ಎರಡು ಮನೆಯಲ್ಲೂ ನಿನ್ನನ್ನು ಬರಿಗೈ ಮಾಡುತ್ತದೆ.

ಪಾಲು ಕೇಳಿದರೆ ತವರು ತಪ್ಪಿಹೋಗುತ್ತದೆ ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ಹೊಡೆತ ತಿಂದ ರಾತ್ರಿ ಬಂದು ನಿಲ್ಲಲು ಅದೊಂದೇ ಬಾಗಿಲು. ಆದರೆ ಹಕ್ಕು ಬಿಟ್ಟುಕೊಟ್ಟು ಉಳಿಸಿಕೊಂಡ ತವರೂ ಕಪ್ಪ ಕೊಟ್ಟು ಉಳಿಸಿಕೊಂಡ ಕೋಟೆಯೇ. ಗಂಡನ ಮನೆಯಿಂದ ಹೊರಹಾಕುವಂತಿಲ್ಲ ಎಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ವಾಸದ ಹಕ್ಕನ್ನೂ ಕೊಟ್ಟಿದೆ. ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಬಹುದು. ಒಬ್ಬಳೇ ಹೋಗಬೇಡಿ, ಸಂಘವೇ ಹೋಗಲಿ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಮೂರು ವಿಷಯ ಮಾತಾಡಿ. ನಮ್ಮಲ್ಲಿ ಎಷ್ಟು ಜನರ ಹೆಸರು ಪಹಣಿಯಲ್ಲಿ, ಮನೆಯ ಖಾತೆಯಲ್ಲಿ ಇದೆ? ಸಂಘದಲ್ಲಿ ಓದಿಸಿ ಕೇಳದೆ ಯಾವ ಪತ್ರಕ್ಕೂ ಸಹಿ ಹಾಕುವುದಿಲ್ಲ ಎಂದು ನಿರ್ಣಯ ಮಾಡೋಣವೇ? ಗ್ರಾಮಸಭೆಯಲ್ಲಿ ನಮ್ಮ ಪರವಾಗಿ ಗಂಡಸರು ಎದ್ದುನಿಂತರೆ, ಅಧ್ಯಕ್ಷೆಯೇ ಮಾತಾಡಲಿ ಎಂದು ಒಟ್ಟಾಗಿ ಕೇಳೋಣವೇ? ಹೆಬ್ಬೆಟ್ಟು ಬಿಟ್ಟು ಸಹಿ ಕಲಿತಿದ್ದೇವೆ. ಆ ಸಹಿ ಎಲ್ಲಿ ಬೀಳಬೇಕೆಂದು ಹೇಳುವವರೂ ನಾವೇ ಆಗಬೇಕು.